ಹೊಸ ದಿನಸಿ ತರದೆ ಮನೆಯಲ್ಲಿ ಇರುವುದನ್ನೇ ಮುಗಿಸಬೇಕು. ಎಲ್ಲಿಂದ ಶುರು ಮಾಡಲಿ?

ತಿಂಗಳ ಕೊನೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಐದು ಜನ. ನಾವಿಬ್ಬರು, ಅತ್ತೆ, ಶಾಲೆಗೆ ಹೋಗುವ ಇಬ್ಬರು ಮಕ್ಕಳು. ಈ ತಿಂಗಳು ಬೇರೆ ಕಡೆ ಒಂದು ದೊಡ್ಡ ಖರ್ಚು ಬಂದು ಕೈ ಬಿಗಿಯಾಗಿದೆ. ದಿನಸಿ ಖರ್ಚನ್ನು ಅರ್ಧಕ್ಕಾದರೂ ಇಳಿಸಬೇಕು ಅಂತ ಕೂತಿದ್ದೇನೆ. ತಮಾಷೆ ಅಂದ್ರೆ, ಅಡುಗೆಮನೆ ಮಾತ್ರ ತುಂಬಿ ತುಳುಕುತ್ತಿದೆ. ಕಪಾಟಿನ ಬಾಗಿಲು ತೆಗೆದರೆ ಏನಾದರೂ ಒಂದು ಕಾಲ ಮೇಲೆ ಬೀಳುತ್ತೆ. ಆದರೂ ಸಂಜೆಯಾದರೆ "ಇವತ್ತು ಏನು ಮಾಡೋದು, ಮನೇಲಿ ಏನೂ ಇಲ್ಲ" ಅನ್ನೋ ಮಾತು ತಪ್ಪಿದ್ದಲ್ಲ.

ನಿನ್ನೆ ಸುಮ್ನೆ ಒಂದು ಸಲ ಕಣ್ಣು ಹಾಯಿಸಿದೆ. ಅಕ್ಕಿ ಎರಡು ಚೀಲ ಸೇರಿ 8 ಕೆ.ಜಿ. ಹತ್ತಿರ ಇದೆ. ಬೇಳೆಕಾಳು ಎಲ್ಲಾ ಅರ್ಧಂಬರ್ಧ ಪ್ಯಾಕೆಟ್, ರಬ್ಬರ್ ಬ್ಯಾಂಡ್ ಸುತ್ತಿಟ್ಟಿದ್ದು, ಒಟ್ಟು 3 ಕೆ.ಜಿ. ಇರಬಹುದು. ಗೋಧಿ ಹಿಟ್ಟು ಒಂದು ತೆರೆದಿದ್ದು, ಒಂದು ತೆರೆಯದೇ ಇದ್ದಿದ್ದು. ಪಾಸ್ತಾ, ಓಟ್ಸ್, ಎರಡು ಮೂರು ಬಗೆ ನೂಡಲ್ಸ್. ಸಾಸ್ ಬಾಟಲಿಗಳ ದಂಡೇ ಇದೆ, ಪ್ರತಿಯೊಂದರ ತಳದಲ್ಲೂ ಎರಡು ಚಮಚ. ಫ್ರಿಜ್‌ನಲ್ಲಿ ಬಾಡಿದ ಕ್ಯಾರೆಟ್, ಅರ್ಧ ಎಲೆಕೋಸು, ಒಂದು ಡಬ್ಬಿ ಮೊಸರು. ಫ್ರೀಜರ್‌ನಲ್ಲಿ ಬಟಾಣಿ, ಬ್ರೆಡ್, ಮತ್ತೆ ಚೀಟಿ ಅಂಟಿಸದ ಡಬ್ಬಿಗಳು. ಒಳಗೆ ಏನಿದೆಯೋ ದೇವರಿಗೇ ಗೊತ್ತು.

ಇಂಟರ್ನೆಟ್‌ನಲ್ಲಿ "ಮನೆಯಲ್ಲಿ ಇರುವುದರಿಂದಲೇ ಅಡುಗೆ" ಅಂತ ಹುಡುಕಿದರೆ ಅವರ ಮನೆಯಲ್ಲಿ ಇರೋದೇ ಬೇರೆ. ನಮ್ಮ ಮನೆಯಲ್ಲಿ ಅದರಲ್ಲಿ ಅರ್ಧ ಇರಲ್ಲ. ಕೆಲಸ ಮುಗಿಸಿ ಬರೋದು ಸಂಜೆ, ಆಗ ನಿಂತು ಯೋಚನೆ ಮಾಡೋಕೆ ತಾಳ್ಮೆ ಉಳಿದಿರಲ್ಲ. ಮಕ್ಕಳು ನಿನ್ನೆಯದ್ದನ್ನು ಕಂಡರೆ ಮೂಗು ಮುರಿಯುತ್ತಾರೆ. ಇನ್ನು ನಮ್ಮವರು ಆಫರ್ ಕಂಡರೆ ಸುಮ್ಮನಿರುವವರಲ್ಲ.

ಹೀಗೆ ಮಾಡಿ ನಿಜವಾಗಲೂ ದುಡ್ಡು ಉಳಿಸಿದವರು ಇದ್ದರೆ ಹೇಳಿ. ಎಲ್ಲಿಂದ ಶುರು ಮಾಡಬೇಕು? ತಾರೀಖು ದಾಟಿದ ಪ್ಯಾಕೆಟ್‌ಗಳನ್ನು ಏನು ಮಾಡಬೇಕು?

---

ಹಳೇ ಉಗ್ರಾಣಿ ಉತ್ತರ:

ನಾನು ಬಹಳ ವರ್ಷ ಒಂದು ಹಾಸ್ಟೆಲ್‌ನ ಉಗ್ರಾಣ ನೋಡಿಕೊಂಡವನು. ಈಗ ನಿವೃತ್ತಿ, ಮನೆಯ ಉಗ್ರಾಣ ನನ್ನ ಪಾಲಿಗೆ. ಎರಡೂ ಕಡೆ ಕೆಲಸ ಒಂದೇ, ಪಾತ್ರೆ ಮಾತ್ರ ಚಿಕ್ಕದು. ರೆಸಿಪಿ ಹುಡುಕೋದನ್ನು ಬಿಡಿ. ಮೊದಲು ಒಂದು ಹಾಳೆ, ಪೆನ್ನು ತಗೊಳ್ಳಿ.

ನೀವು ಬರೆದಿದ್ದನ್ನೇ ಇಟ್ಟುಕೊಂಡು ಲೆಕ್ಕ ಹಾಕುತ್ತೇನೆ. ದೊಡ್ಡವರಿಗೆ ಒಂದು ಹೊತ್ತಿಗೆ ಹಸಿ ಅಕ್ಕಿ 60ರಿಂದ 80 ಗ್ರಾಂ ಸಾಕು. ಮಕ್ಕಳಿಗೆ ಇನ್ನೂ ಕಡಿಮೆ. ನಿಮ್ಮ ಐದು ಜನಕ್ಕೆ 300 ಗ್ರಾಂ ಅಂತ ಹಿಡಿಯಿರಿ. 8 ಕೆ.ಜಿ. ಅಂದ್ರೆ 26 ಹೊತ್ತಿನ ಅನ್ನ. ಬೇಳೆಕಾಳು ಒಬ್ಬರಿಗೆ 40 ಗ್ರಾಂ ಹಿಡಿದರೆ ಒಂದು ಹೊತ್ತಿಗೆ 200 ಗ್ರಾಂ. 3 ಕೆ.ಜಿ. ಅಂದ್ರೆ 15 ಹೊತ್ತು. ಇದರ ಮೇಲೆ ಹಿಟ್ಟು, ಪಾಸ್ತಾ, ನೂಡಲ್ಸ್ ಬೇರೆ. ಅಂದರೆ ದಿನಕ್ಕೊಂದು ಮುಖ್ಯ ಊಟದ ಹೊಟ್ಟೆ ತುಂಬುವ ಭಾಗ ಬಹುಪಾಲು ನಿಮ್ಮ ಕಪಾಟಿನಲ್ಲೇ ಕೂತಿದೆ. "ಮನೇಲಿ ಏನೂ ಇಲ್ಲ" ಅಂದಾಗ ಇಲ್ಲದೇ ಇರೋದು ಈರುಳ್ಳಿ, ಟೊಮೆಟೊ, ಹಾಲು, ಮೊಟ್ಟೆ, ಒಂದಿಷ್ಟು ತರಕಾರಿ. ಅಷ್ಟೇ. ಈ ತಿಂಗಳ ಚೀಟಿಯಲ್ಲಿ ಅವು ಮಾತ್ರ ಇರಲಿ. ಎಣ್ಣೆ ಎಷ್ಟಿದೆ ಅಂತ ನೀವು ಬರೆದಿಲ್ಲ, ಅದನ್ನೂ ಒಮ್ಮೆ ನೋಡಿ.

ಪಟ್ಟಿ ಮಾಡುವಾಗ ಎಲ್ಲವನ್ನೂ ಹೊರಗೆ ತೆಗೆದು ನೆಲದ ಮೇಲೆ ಹರಡಿ. ಕಪಾಟಿನ ಒಳಗೇ ಇಣುಕಿ ಬರೆದರೆ ಹಿಂದಿನ ಸಾಲು ಕಣ್ಣಿಗೆ ಬೀಳಲ್ಲ. ಒಂದೇ ಸಾಮಾನಿನ ಅರ್ಧ ಪ್ಯಾಕೆಟ್‌ಗಳನ್ನು ಪಕ್ಕಪಕ್ಕ ಇಡಿ, ಆದರೆ ತಕ್ಷಣ ಒಟ್ಟಿಗೆ ಸುರಿಯಬೇಡಿ. ಒಂದರಲ್ಲಿ ಹುಳ ಇದ್ದರೆ ಎಲ್ಲಕ್ಕೂ ಹಿಡಿಯುತ್ತೆ. ಬಿಳಿ ಕಾಗದದ ಮೇಲೆ ಸ್ವಲ್ಪ ಸುರಿದು ನೋಡಿ. ಪುಡಿ ಉದುರಿದ್ದರೆ, ಕಾಳಿನಲ್ಲಿ ಸಣ್ಣ ತೂತು ಇದ್ದರೆ, ಹಿಟ್ಟಿನಲ್ಲಿ ಜೇಡರ ಬಲೆ ತರಹ ಎಳೆ ಕಂಡರೆ ಅದನ್ನು ಬೇರೆ ಇಡಿ.

ಆಮೇಲೆ ಸರದಿ. ಮೊದಲು ಫ್ರಿಜ್, ಆಮೇಲೆ ಫ್ರೀಜರ್, ಕೊನೆಗೆ ಕಪಾಟು. ಎಲ್ಲರೂ ಇದನ್ನು ತಿರುಗಾ ಮಾಡುತ್ತಾರೆ. "ಕಪಾಟು ಖಾಲಿ ಮಾಡೋಣ" ಅಂತ ಮೊದಲ ದಿನವೇ ಪಾಸ್ತಾ ಬೇಯಿಸುತ್ತಾರೆ. ಪಾಸ್ತಾ ಇನ್ನೊಂದು ವರ್ಷ ಹಾಗೇ ಕೂತಿರುತ್ತೆ. ಪಕ್ಕದಲ್ಲಿ ಸೊಪ್ಪು ಕೊಳೆಯುತ್ತಾ ಇರುತ್ತೆ. ಫ್ರಿಜ್‌ನಲ್ಲಿ ಕಣ್ಣಿನ ಮಟ್ಟದ ತಟ್ಟೆಯಲ್ಲಿ ಒಂದು ಟ್ರೇ ಇಡಿ. ಎರಡು ಮೂರು ದಿನದಲ್ಲಿ ಮುಗಿಯಬೇಕಾದದ್ದೆಲ್ಲಾ ಅದರೊಳಗೆ. ತೆರೆದ ಮೊಸರು, ಕತ್ತರಿಸಿಟ್ಟ ಎಲೆಕೋಸು, ನಿನ್ನೆಯ ಪಲ್ಯ. ಸಂಜೆ ಬಂದವರು ಯೋಚನೆ ಮಾಡಬೇಕಾಗಿಲ್ಲ, ಟ್ರೇ ಎಳೆದರೆ ಸಾಕು.

ಬಾಡಿದ ಕ್ಯಾರೆಟ್ ಎಸೆಯಬೇಡಿ. ಅದರಿಂದ ಹೋಗಿರೋದು ನೀರು ಮಾತ್ರ. ತುದಿ ಕತ್ತರಿಸಿ ತಣ್ಣೀರಿನಲ್ಲಿ ಒಂದೆರಡು ಗಂಟೆ ಬಿಟ್ಟರೆ ಸುಮಾರಾಗಿ ಬಿಗಿಯಾಗುತ್ತೆ. ಲೋಳೆ ಬಂದಿದ್ದರೆ, ಮೆತ್ತಗಾಗಿ ವಾಸನೆ ಹೊಡೆದರೆ ಮಾತ್ರ ಬಿಡಿ.

ಇನ್ನೊಂದು ಮಾತು. ಒಂದು ಹಳೇ ಪ್ಯಾಕೆಟ್ ಮುಗಿಸೋಕೆ ಅಂತ ನಾಲ್ಕು ಹೊಸ ಸಾಮಾನು ತರಬೇಡಿ. ತಳದಲ್ಲಿ ಎರಡು ಚಮಚ ಉಳಿದಿರುವ ಸಾಸ್‌ಗೋಸ್ಕರ ಹೊಸ ರೆಸಿಪಿ ಹಿಡಿದರೆ ಇನ್ನೆರಡು ಬಾಟಲಿ ಮನೆಗೆ ಬರುತ್ತೆ, ಅವುಗಳ ತಳದಲ್ಲೂ ಎರಡು ಚಮಚ ಉಳಿಯುತ್ತೆ. ಸಾಸ್ ಬಾಟಲಿಗೆ ಸ್ವಲ್ಪ ಬಿಸಿನೀರು ಹಾಕಿ ಕುಲುಕಿ ನೂಡಲ್ಸ್‌ಗೋ ಸೂಪ್‌ಗೋ ಸುರಿದುಬಿಡಿ. ರೆಸಿಪಿ ಪುಸ್ತಕ ನೋಡಬೇಡಿ. ಒಂದು ಧಾನ್ಯ, ಒಂದು ಕಾಳು, ಒಂದು ತರಕಾರಿ, ಹುಳಿಗೆ ಏನಾದರೂ. ಹುಳಿ ಅಂದ್ರೆ ನಿಂಬೆ, ಟೊಮೆಟೊ, ಮೊಸರು, ವಿನೆಗರ್ ಯಾವುದಾದರೂ ಸರಿ. ಇಷ್ಟು ಕೂಡಿದರೆ ಊಟ ಆಗುತ್ತೆ. ಹೆಸರು ಇಡದೇ ಇದ್ದರೂ ನಡೆಯುತ್ತೆ.

---

ಮೈಕ್ರೋಸ್ಕೋಪ್ ಉತ್ತರ:

ಆಹಾರ ಪರೀಕ್ಷೆ ಮಾಡುವ ಲ್ಯಾಬ್‌ನಲ್ಲಿ ಕೆಲಸ ಮಾಡುತ್ತೇನೆ. ತಾರೀಖಿನ ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತೇನೆ. ದುಡ್ಡು ಉಳಿಸುವ ಭರದಲ್ಲಿ ಹೊಟ್ಟೆ ಕೆಡಿಸಿಕೊಂಡರೆ ಔಷಧಿಗೇ ಜಾಸ್ತಿ ಹೋಗುತ್ತೆ.

ಪ್ಯಾಕೆಟ್ ಮೇಲೆ ಎರಡು ಬಗೆ ತಾರೀಖು ಇರುತ್ತೆ. "ಬೆಸ್ಟ್ ಬಿಫೋರ್" ಅಂತ ಇದ್ದರೆ ಅದು ರುಚಿ, ಗರಿಗರಿ, ಬಣ್ಣದ ಮಾತು. ಆ ದಿನ ದಾಟಿದ ಪಾಸ್ತಾ, ಓಟ್ಸ್, ಅಕ್ಕಿ, ಬೇಳೆ ಒಣಗಿದ ಜಾಗದಲ್ಲಿ ಇದ್ದು, ಹುಳ ಇಲ್ಲದೆ, ವಾಸನೆ ಸರಿಯಾಗಿದ್ದರೆ ತಿನ್ನಬಹುದು. "ಯೂಸ್ ಬೈ" ಅಥವಾ "ಎಕ್ಸ್‌ಪೈರಿ" ಅಂತ ಇದ್ದರೆ ಅದು ಸುರಕ್ಷತೆಯ ಮಾತು. ಅಲ್ಲಿ ಚೌಕಾಸಿ ಬೇಡ. ಮೂಸಿ ನೋಡಿ ತೀರ್ಮಾನ ಮಾಡೋದೂ ಬೇಡ. ಕಾಯಿಲೆ ತರುವ ಎಷ್ಟೋ ಬ್ಯಾಕ್ಟೀರಿಯಾಗಳು ವಾಸನೆಯನ್ನೂ ಕೊಡಲ್ಲ, ರುಚಿಯನ್ನೂ ಕೆಡಿಸಲ್ಲ.

ಸಕ್ಕರೆ, ಉಪ್ಪು, ಜೇನು ಗಟ್ಟಿಯಾಗಬಹುದು, ಕೆಡಲ್ಲ. ಬಿಳಿ ಅಕ್ಕಿ ವರ್ಷಗಟ್ಟಲೆ ಇರುತ್ತೆ. ಪಾಲಿಶ್ ಮಾಡದ ಅಕ್ಕಿ, ತೌಡು ಸಮೇತ ಬೀಸಿದ ಗೋಧಿ ಹಿಟ್ಟು ಹಾಗಲ್ಲ. ಅವುಗಳಲ್ಲಿ ಎಣ್ಣೆಯ ಅಂಶ ಇರುವುದರಿಂದ ಕೆಲವು ತಿಂಗಳಲ್ಲಿ ಕನರು ವಾಸನೆ ಬರುತ್ತೆ. ನಿಮ್ಮ ತೆರೆದ ಹಿಟ್ಟನ್ನು ಅಂಗೈಯಲ್ಲಿ ಸ್ವಲ್ಪ ಹಾಕಿ ಬಿಸಿ ಆಗುವಷ್ಟು ಉಜ್ಜಿ ಮೂಸಿ. ಹಳೇ ಎಣ್ಣೆ ಅಥವಾ ಬಣ್ಣದ ಡಬ್ಬಿಯ ವಾಸನೆ ಬಂದರೆ ಮುಗಿಯಿತು. ಏನೂ ಇಲ್ಲ, ಒಣ ಗೋಧಿಯ ಪರಿಮಳವೇ ಇದೆ ಅಂದ್ರೆ ಬಳಸಿ. ತೆರೆಯದ ಪ್ಯಾಕೆಟ್‌ಗಿಂತ ಅದೇ ಮೊದಲು.

ಬೂಷ್ಟು ಬಂದ ಬ್ರೆಡ್, ಮೊಸರು, ಬೇಯಿಸಿದ ಅಡುಗೆ, ಜಾಮ್ ಪೂರ್ತಿ ಎಸೆಯಿರಿ. ಮೇಲಿನದ್ದು ಮಾತ್ರ ತೆಗೆದರೆ ಒಳಗೆ ಇಳಿದ ಬೇರು ಅಲ್ಲೇ ಇರುತ್ತೆ. ಬೂಷ್ಟು ಹಿಡಿದ ಕಡಲೆಕಾಯಿ, ಜೋಳದ ವಿಷಯದಲ್ಲಂತೂ ಆಸೆ ಬೇಡವೇ ಬೇಡ. ಅಫ್ಲಾಟಾಕ್ಸಿನ್ ಅನ್ನುವ ವಿಷ ಅಡುಗೆಯ ಬಿಸಿಗೆ ಪೂರ್ತಿ ಹೋಗಲ್ಲ.

ಉಳಿದ ಅನ್ನದ ಬಗ್ಗೆ ಯಾರೂ ಹೇಳಿಲ್ಲ, ನಾನು ಹೇಳುತ್ತೇನೆ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾದ ಬೀಜಕಣ ಇರಬಹುದು. ಅನ್ನ ಬೆಂದರೂ ಅವು ಸಾಯಲ್ಲ. ಅನ್ನ ಹೊರಗೇ ಬೆಚ್ಚಗೆ ಕೂತರೆ ಅವು ಬೆಳೆದು ವಿಷ ಬಿಡುತ್ತವೆ. ಆಮೇಲೆ ಎಷ್ಟು ಬಿಸಿ ಮಾಡಿದರೂ ಆ ವಿಷ ಹೋಗಲ್ಲ. ಹಾಗಾಗಿ ರಾತ್ರಿಯಿಡೀ ಒಲೆ ಮೇಲೆ ಇದ್ದ ಅನ್ನವನ್ನು ಬೆಳಿಗ್ಗೆ ಹುರಿದು "ಉಳಿಸಿದೆ" ಅನ್ನಬೇಡಿ. ಅಗಲವಾದ ತಟ್ಟೆಯಲ್ಲಿ ಹರಡಿ ಬೇಗ ಆರಿಸಿ, 2 ಗಂಟೆಯೊಳಗೆ ಫ್ರಿಜ್‌ಗೆ ಹಾಕಿ, ಒಂದು ದಿನದಲ್ಲಿ ಮುಗಿಸಿ. ಫ್ರಿಜ್ ಒಳಗೆ 5 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇರಬೇಕು. ಫ್ರೀಜರ್ ಮೈನಸ್ 18. ಬಾಗಿಲಿನ ತಟ್ಟೆಗಳು ಫ್ರಿಜ್‌ನಲ್ಲೇ ಬೆಚ್ಚಗಿನ ಜಾಗ. ಹಾಲನ್ನು ಅಲ್ಲಿಂದ ಒಳಗೆ ಸರಿಸಿ, ಸಾಸ್‌ಗಳನ್ನು ಬಾಗಿಲಿಗೆ ಕಳಿಸಿ.

---

ಕಡ್ಡಿಪುಡಿ ಉತ್ತರ:

ಎಲ್ಲಾ ಸರಿ. ಆದರೆ ಇದು ಉಳಿತಾಯ ಅಂತ ನನಗೆ ಅನಿಸಲ್ಲ. ಕಪಾಟಿನಲ್ಲಿ ಇರೋದು ಹೋದ ತಿಂಗಳು ಕೊಟ್ಟ ದುಡ್ಡು. ಈ ತಿಂಗಳು ಅದನ್ನು ತಿಂದು ಖಾಲಿ ಮಾಡುತ್ತೀರಿ, ಮುಂದಿನ ತಿಂಗಳು ಮತ್ತೆ ತುಂಬುತ್ತೀರಿ. ಅಲ್ಲಿಗೆ ಲೆಕ್ಕ ಸಮ. ಅರ್ಧ ಖರ್ಚು ಅಂತ ಹೇಳಿಕೊಳ್ಳೋಕೆ ಚೆನ್ನಾಗಿರುತ್ತೆ ಅಷ್ಟೇ. ಜೊತೆಗೆ ಇಷ್ಟವಿಲ್ಲದ ಓಟ್ಸ್ ತಿನ್ನೋ ಶಿಕ್ಷೆ ಬೇರೆ.

---

ಹಳೇ ಉಗ್ರಾಣಿ ಉತ್ತರ:

@ಕಡ್ಡಿಪುಡಿ ಕೇಳಿದ್ದು ಸರಿಯಾದ ಪ್ರಶ್ನೆ. ಅರ್ಧ ಒಪ್ಪುತ್ತೇನೆ.

ಉಗ್ರಾಣದಲ್ಲಿ ನಾವು ತಿಂಗಳ ಕೊನೆಗೆ ಒಂದೇ ಲೆಕ್ಕ ಬರೆಯುತ್ತಿದ್ದೆವು. ತಿಂಗಳ ಶುರುವಿನಲ್ಲಿ ಇದ್ದದ್ದು, ಅದಕ್ಕೆ ಕೂಡಿಸು ಕೊಂಡದ್ದು, ಅದರಿಂದ ಕಳೆ ಉಳಿದದ್ದು. ಸಿಗೋದು ಖರ್ಚಾದದ್ದು. ಮನೆಯಲ್ಲಿ ಎಲ್ಲರೂ ನೋಡೋದು ನಡುವಿನ "ಕೊಂಡದ್ದು" ಒಂದನ್ನೇ. ಅದು ಅರ್ಧಕ್ಕೆ ಇಳಿದರೆ ಖುಷಿ. ಆದರೆ ದಾಸ್ತಾನು ಕರಗಿದ್ದರಿಂದ ಇಳಿದಿದ್ದಾದರೆ ಅದು ಒಂದೇ ಸಲದ ಉಳಿತಾಯ. ನೀವು ಹೇಳಿದ ಹಾಗೆ ತಿರುಗಾ ತುಂಬಿದರೆ ವಾಪಸ್ ಹೋಗುತ್ತೆ.

ಮತ್ತೆ ಮತ್ತೆ ಸಿಗುವ ಉಳಿತಾಯ ಬೇರೆ ಜಾಗದಲ್ಲಿದೆ. ಖರ್ಚಾದದ್ದರಲ್ಲಿ ತಿಂದದ್ದು ಎಷ್ಟು, ಕಸದ ಬುಟ್ಟಿಗೆ ಹೋದದ್ದು ಎಷ್ಟು? ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2024ರಲ್ಲಿ ಒಂದು ವರದಿ ಕೊಟ್ಟಿತು. ಅದರ ಪ್ರಕಾರ 2022ರಲ್ಲಿ ಪ್ರಪಂಚದಲ್ಲಿ ಸುಮಾರು 105 ಕೋಟಿ ಟನ್ ಆಹಾರ ಪೋಲಾಯಿತು. ಅದರಲ್ಲಿ 60 ಶೇಕಡಾ ಮನೆಗಳಿಂದ. ಹೋಟೆಲ್, ಅಂಗಡಿ ಎಲ್ಲಾ ಸೇರಿದರೂ ಉಳಿದ 40. ಮನೆಗಳ ಪಾಲು ತಲೆಗೆ ವರ್ಷಕ್ಕೆ 79 ಕೆ.ಜಿ. ಬರುತ್ತೆ. ಇದರಲ್ಲಿ ಸಿಪ್ಪೆ, ಮೂಳೆ, ಓಟೆ ಕೂಡ ಸೇರಿದೆ, ಹಾಗಾಗಿ ಪೂರ್ತಿ ತಿನ್ನುವ ಪದಾರ್ಥ ಅಲ್ಲ. ಆದರೂ ಐದು ಜನದ ಮನೆಗೆ ಅದು 400 ಕೆ.ಜಿ. ಹತ್ತಿರ. ಅದರಲ್ಲಿ ಕಾಲು ಭಾಗ ತಿನ್ನಬಹುದಾದದ್ದು ಅಂತ ಇಟ್ಟುಕೊಂಡರೂ ವರ್ಷಕ್ಕೆ ನೂರು ಕೆ.ಜಿ.

ಕಪಾಟು ಖಾಲಿ ಮಾಡುವ ತಿಂಗಳಿನ ನಿಜವಾದ ಲಾಭ ಇದು: ಯಾವ ಸಾಮಾನು ಮುಗಿಯದೇ ಉಳಿಯುತ್ತೆ ಅಂತ ಕಣ್ಣಿಗೆ ಕಾಣುತ್ತೆ. ತಿಂಗಳ ಕೊನೆಗೂ ಓಟ್ಸ್ ಹಾಗೇ ಕೂತಿದ್ದರೆ ನಿಮ್ಮ ಮನೆ ಓಟ್ಸ್ ತಿನ್ನುವ ಮನೆ ಅಲ್ಲ. ಇನ್ನು ಮೇಲೆ ತರಬೇಡಿ. ಈಗ ಇರುವುದನ್ನು ಶಿಕ್ಷೆ ಅಂತ ತಿನ್ನೋದೂ ಬೇಡ. ಕೊಟ್ಟ ದುಡ್ಡು ಕೊಟ್ಟಾಯಿತು, ಕಷ್ಟಪಟ್ಟು ನುಂಗಿದರೆ ವಾಪಸ್ ಬರಲ್ಲ. ಪ್ಯಾಕೆಟ್ ತೆರೆದಿಲ್ಲ, ತಾರೀಖು ಇದೆ ಅಂದ್ರೆ ತಿನ್ನುವವರಿಗೆ ಕೊಡಿ. ತೆರೆದಿದ್ದರೆ ಪುಡಿ ಮಾಡಿ ಸೂಪ್ ಗಟ್ಟಿ ಮಾಡೋಕೆ ಹಾಕಿ, ಗೊತ್ತೇ ಆಗಲ್ಲ.

ಪೂರ್ತಿ ಖಾಲಿ ಮಾಡಿ ಅಂತಲೂ ನಾನು ಹೇಳಲ್ಲ. ಯಾರಿಗಾದರೂ ಜ್ವರ ಬಂದು ಹೊರಗೆ ಹೋಗೋಕೆ ಆಗದಿದ್ದರೆ ನಾಲ್ಕೈದು ದಿನ ನಡೆಯುವಷ್ಟು ಮನೆಯಲ್ಲಿ ಇರಲೇಬೇಕು. ನಿಮ್ಮ ಲೆಕ್ಕಕ್ಕೆ 2 ಕೆ.ಜಿ. ಅಕ್ಕಿ, 1 ಕೆ.ಜಿ. ಬೇಳೆ, ಎಣ್ಣೆ, ಉಪ್ಪು. ಅದರ ಮೇಲಿರುವುದೆಲ್ಲಾ ಸುಮ್ನೆ ಕಟ್ಟಿಹಾಕಿದ ದುಡ್ಡು.

---

ಎರಡು ಪುಟಾಣಿ ಉತ್ತರ:

ಮಕ್ಕಳ ವಿಷಯಕ್ಕೆ ಬರುತ್ತೇನೆ. ನಮ್ಮ ಮನೆಯಲ್ಲೂ ನಿನ್ನೆಯದ್ದು ಅಂದ್ರೆ ತಟ್ಟೆ ಹಿಂದಕ್ಕೆ ತಳ್ಳುತ್ತಾರೆ. ಅವರಿಗೆ ಬೇಡವಾಗಿರೋದು ಹಳೇದು ಅಂತ ಅಲ್ಲ, ಅದೇ ರೂಪ ಮತ್ತೆ ಬಂತಲ್ಲಾ ಅಂತ.

ನಾನು ಅಡುಗೆ ಮಾಡುವಾಗಲೇ ಅರ್ಧ ಎತ್ತಿಡುತ್ತೇನೆ. ಉದಾಹರಣೆಗೆ ಕಡಲೆಕಾಳು ದೊಡ್ಡ ಪಾತ್ರೆಯಲ್ಲಿ ಬರೀ ಉಪ್ಪು ಹಾಕಿ ಬೇಯಿಸೋದು. ಮಸಾಲೆ ಹಾಕುವ ಮುಂಚೆಯೇ ಮೂರು ಭಾಗ. ಒಂದು ಭಾಗ ಆ ದಿನದ ಅಡುಗೆಗೆ. ಇನ್ನೊಂದು ಮರುದಿನ ಈರುಳ್ಳಿ, ನಿಂಬೆ ಹಿಂಡಿ ಹಾಗೇ ತಿನ್ನೋಕೆ. ಮೂರನೆಯದನ್ನು ಚಪ್ಪಟೆ ಮಾಡಿ ಫ್ರೀಜರ್‌ಗೆ. ಚಪ್ಪಟೆ ಯಾಕೆ ಅಂದ್ರೆ ಬೇಗ ಗಡ್ಡೆ ಕಟ್ಟುತ್ತೆ, ಬೇಗ ಕರಗುತ್ತೆ, ಮೇಲೆ ಮೇಲೆ ಜೋಡಿಸಬಹುದು. ಮುಂದಿನ ವಾರ ಅದನ್ನೇ ಮಸೆದು ಆಲೂಗಡ್ಡೆ ಜೊತೆ ತಟ್ಟಿ ಕಾವಲಿ ಮೇಲೆ ಬೇಯಿಸಿದರೆ ಮಕ್ಕಳು ಬಾಯಿ ಮುಚ್ಚಿಕೊಂಡು ತಿನ್ನುತ್ತಾರೆ. ಮಸಾಲೆ ಹಾಕಿದ ಮೇಲೆ ಉಳಿದದ್ದಕ್ಕೆ ಹೊಸ ರೂಪ ಕೊಡೋದು ಕಷ್ಟ. ಸಪ್ಪೆ ಇದ್ದರೆ ಎಲ್ಲಿಗೆ ಬೇಕಾದರೂ ಹೊಂದುತ್ತೆ.

ಫ್ರೀಜರ್‌ನ ಬ್ರೆಡ್ ಅಲ್ಲೇ ಇರಲಿ. ಫ್ರಿಜ್‌ಗೆ ಇಳಿಸಬೇಡಿ, ಅಲ್ಲಿ ಹೊರಗಿಗಿಂತ ಬೇಗ ಒಣಕಲಾಗುತ್ತೆ. ಬೇಕಾದಷ್ಟು ಹೋಳು ತೆಗೆದು ನೇರ ಕಾವಲಿಗೆ ಹಾಕಿ.

ಮಕ್ಕಳ ಕೈಗೆ ಒಂದು ಕೆಲಸ ಕೊಟ್ಟು ನೋಡಿ. ಶನಿವಾರ ಟ್ರೇಯಿಂದ ಎರಡು ಸಾಮಾನು ಆರಿಸೋದು ಅವರು, ಅದರಲ್ಲಿ ಅಡುಗೆ ಮಾಡೋದು ನಾವು. ಅವರೇ ಆರಿಸಿದ ಮೇಲೆ ಗೊಣಗಾಟ ಕಡಿಮೆ. ಪೂರ್ತಿ ನಿಲ್ಲಲ್ಲ, ಸುಳ್ಳು ಹೇಳಲ್ಲ.

---

ತಿಂಗಳ ಕೊನೆ ಉತ್ತರ:

ಎಲ್ಲರಿಗೂ ಥ್ಯಾಂಕ್ಸ್. ಇವತ್ತು ರಜೆ, ಕೂತು ಎಲ್ಲಾ ಹೊರಗೆ ಹಾಕಿದೆ. ಅತ್ತೆ ಕುರ್ಚಿ ಹಾಕಿಕೊಂಡು ಬರೆಯೋಕೆ ಕೂತರು. ಜೋಳದ ಹಿಟ್ಟಿನ ಪ್ಯಾಕೆಟ್ ಮೂರು ಸಿಕ್ಕಿತು, ಮೂರೂ ತುದಿ ಮಾತ್ರ ಕತ್ತರಿಸಿದ್ದು. ಅತ್ತೆ ಒಂದೊಂದನ್ನೂ ಬರೆಯುವಾಗ ಕನ್ನಡಕದ ಮೇಲಿಂದ ನಮ್ಮವರನ್ನು ನೋಡಿದ್ದೇ ನೋಡಿದ್ದು. ಎಣ್ಣೆ ಸಾಕಷ್ಟಿದೆ. ತೆರೆದ ಗೋಧಿ ಹಿಟ್ಟು ಚೆನ್ನಾಗಿದೆ, ಉಜ್ಜಿ ಮೂಸಿದೆ.

ಎರಡು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ. ಒಂದು, ಕೆಂಪು ರಾಜ್ಮಾ ಅರ್ಧ ಕೆ.ಜಿ. ಇದೆ. ತುಂಬಾ ಹಳೇದು, ಹೋದ ಸಲ ಎಷ್ಟು ಬೇಯಿಸಿದರೂ ಕಲ್ಲಿನ ಹಾಗೇ ಇತ್ತು. ಎರಡು, ಒಂದು ಬೇಳೆಯಲ್ಲಿ ಸಣ್ಣ ಕಂದು ಹುಳ ಓಡಾಡುತ್ತಿದೆ. ಎಸೆಯೋದೇನಾ?

ಆ ಹೆಸರಿಲ್ಲದ ಡಬ್ಬಿಗಳೂ ಇನ್ನೂ ಹಾಗೇ ಇವೆ.

---

ಮೈಕ್ರೋಸ್ಕೋಪ್ ಉತ್ತರ:

ರಾಜ್ಮಾ: ಬಿಸಿ ಮತ್ತು ತೇವ ಇರುವ ಜಾಗದಲ್ಲಿ ಬಹಳ ಕಾಲ ಇಟ್ಟ ಕಾಳು ಹಾಗೆ ಹಟ ಹಿಡಿಯುತ್ತೆ. ರಾತ್ರಿ ನೆನೆಸುವ ನೀರಿಗೆ ಕಾಲು ಚಮಚ ಅಡುಗೆ ಸೋಡಾ ಹಾಕಿ. ಬೆಳಿಗ್ಗೆ ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಪ್ರೆಷರ್ ಕುಕ್ಕರ್‌ನಲ್ಲಿ ಬೇಯಿಸಿ. ಟೊಮೆಟೊ, ನಿಂಬೆ ಏನೇ ಹುಳಿ ಇದ್ದರೂ ಕಾಳು ಮೆತ್ತಗಾದ ಮೇಲೆ. ಹುಳಿ ಮೊದಲೇ ಬಿದ್ದರೆ ಬೇಯೋದು ಇನ್ನೂ ತಡ. ಅಷ್ಟಾದರೂ ಮೆತ್ತಗಾಗದಿದ್ದರೆ ಎಸೆಯಿರಿ. ಅರೆಬೆಂದ ರಾಜ್ಮಾ ತಿನ್ನಬಾರದು. ಅದರಲ್ಲಿ ಲೆಕ್ಟಿನ್ ಜಾತಿಯ ಒಂದು ವಿಷ ಇದೆ. ಜೋರಾಗಿ ಕುದಿದರೆ ಮಾತ್ರ ಅದು ಹೋಗುತ್ತೆ, ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಇಟ್ಟರೆ ಹೋಗಲ್ಲ. ಅರೆಬೆಂದ ಕಾಳು ಕೆಲವೇ ತಿಂದರೂ ವಾಂತಿ ಶುರುವಾಗಬಹುದು.

ಡಬ್ಬಿಗಳು: ಹೊರಗೆ ಇಟ್ಟು ಕರಗಿಸಬೇಡಿ. ರಾತ್ರಿ ಫ್ರಿಜ್‌ಗೆ ಇಳಿಸಿ, ಕೆಳಗೆ ತಟ್ಟೆ ಇಡಿ. ಏನು ಅಂತ ಗೊತ್ತಾದರೆ, ಮನೆಯಲ್ಲಿ ಯಾವಾಗ ಮಾಡಿದ್ದು ಅಂತ ಅಂದಾಜು ಸಿಕ್ಕರೆ ಕುದಿಯುವ ಹಾಗೆ ಬಿಸಿ ಮಾಡಿ ತಿನ್ನಿ. ಮೈನಸ್ 18ರಲ್ಲಿ ಬ್ಯಾಕ್ಟೀರಿಯಾ ಬೆಳೆಯಲ್ಲ, ಆದರೆ ಸಾಯೋದೂ ಇಲ್ಲ. ಹಾಗಾಗಿ ಫ್ರೀಜರ್‌ಗೆ ಹೋಗುವ ಮುಂಚೆ ಅದು ಹೊರಗೆ ಎಷ್ಟು ಹೊತ್ತು ಇತ್ತು ಅನ್ನೋದೇ ಮುಖ್ಯ. ಏನು ಅಂತಲೇ ಗೊತ್ತಾಗದಿದ್ದರೆ ಬಿಡಿ.

---

ಹಳೇ ಉಗ್ರಾಣಿ ಉತ್ತರ:

ಹುಳದ ಬೇಳೆ: ಎಷ್ಟು ಹಿಡಿದಿದೆ ಅನ್ನೋದರ ಮೇಲೆ. ಬೇಳೆ ಪುಡಿಪುಡಿಯಾಗಿ, ಬಲೆ ಕಟ್ಟಿ, ಕೆಟ್ಟ ವಾಸನೆ ಬಂದಿದ್ದರೆ ಎಸೆಯಿರಿ. ಬೆರಳೆಣಿಕೆಯ ಹುಳ ಮಾತ್ರ ಇದ್ದರೆ ಜರಡಿ ಹಿಡಿದು, ಗಟ್ಟಿ ಮುಚ್ಚಳದ ಡಬ್ಬಿಗೆ ಹಾಕಿ ನಾಲ್ಕು ದಿನ ಫ್ರೀಜರ್‌ನಲ್ಲಿ ಇಡಿ. ಮೊಟ್ಟೆ, ಮರಿ ಎಲ್ಲಾ ಸಾಯುತ್ತೆ. ಹೊರಗೆ ತೆಗೆದ ಮೇಲೆ ಡಬ್ಬಿ ಮಾಮೂಲಿ ಬಿಸಿಗೆ ಬರುವ ತನಕ ಮುಚ್ಚಳ ತೆಗೆಯಬೇಡಿ, ಇಲ್ಲದಿದ್ದರೆ ಒಳಗೆ ನೀರಾಡಿ ಬೂಷ್ಟು ಬರುತ್ತೆ. ಆಮೇಲೆ ನಾಲ್ಕೈದು ನೀರು ತೊಳೆದು ಬೇಯಿಸಿ. ಆ ಬೇಳೆ ಇದ್ದ ಕಪಾಟಿನ ಸಂದುಗಳನ್ನು ಮರೆಯಬೇಡಿ. ಹುಳ ಬೇಳೆಯಲ್ಲಿ ಮಾತ್ರ ಇರಲ್ಲ, ಮೂಲೆಯ ಹಿಟ್ಟಿನ ಧೂಳಿನಲ್ಲೂ ಇರುತ್ತೆ.

ಜೋಳದ ಹಿಟ್ಟು ಮೂರು ಪ್ಯಾಕೆಟ್ ಸಿಕ್ಕಿದ್ದು ಒಳ್ಳೆಯದೇ ಆಯಿತು. ನಿಮ್ಮವರಿಗೆ ಆಫರ್ ಬೇಡ ಅನ್ನಬೇಡಿ, ಕೇಳಲ್ಲ. ಅತ್ತೆ ಬರೆದ ಪಟ್ಟಿಯ ಫೋಟೋ ಅವರ ಫೋನ್‌ನಲ್ಲಿ ಇರಲಿ. ಆಫರ್ ಕಂಡಾಗ ಎರಡೇ ನೋಡಬೇಕು: ಅದು ಮನೆಯಲ್ಲಿ ಇದೆಯಾ? ಕೆಡುವ ಮುಂಚೆ ಮುಗಿಯುತ್ತಾ? ಎರಡು ಕೊಂಡರೆ ಒಂದು ಉಚಿತ ಅಂತ ತಂದ ಮೂರರಲ್ಲಿ ಒಂದು ಕಸಕ್ಕೆ ಹೋದರೆ ಸಿಕ್ಕಿದ್ದು ಏನೂ ಇಲ್ಲ. ಎರಡು ಹೋದರೆ ಒಂದಕ್ಕೆ ಎರಡರ ದುಡ್ಡು ಕೊಟ್ಟಿರುತ್ತೀರಿ. ಇದೇ ಆಫರ್ ಎಣ್ಣೆಗೋ ಸೋಪಿಗೋ ಬಂದರೆ ತರಲಿ, ಬೇಡ ಅನ್ನೋಕೆ ಕಾರಣ ಇಲ್ಲ.

---

ಕಡ್ಡಿಪುಡಿ ಉತ್ತರ:

ದಾಸ್ತಾನಿನ ಲೆಕ್ಕ ಒಪ್ಪಿದೆ. ಆದರೆ ಮನೆಯಲ್ಲಿ ಪ್ರತಿ ತಿಂಗಳು ಯಾರು ಕೂತು ಬರೆಯುತ್ತಾರೆ ಸ್ವಾಮಿ?

---

ಹಳೇ ಉಗ್ರಾಣಿ ಉತ್ತರ:

ಎಲ್ಲಾ ಬರೆಯೋದು ಬೇಡ. ಈ ಸಲ ಒಮ್ಮೆ ಆಗಿದೆಯಲ್ಲ. ಇನ್ನು ಎಸೆದದ್ದನ್ನು ಮಾತ್ರ ಬರೆಯಿರಿ. ಕಸದ ಬುಟ್ಟಿಯ ಮೇಲೆ ಗೋಡೆಗೆ ಒಂದು ಹಾಳೆ ಅಂಟಿಸಿ, ದಾರ ಕಟ್ಟಿದ ಪೆನ್ಸಿಲ್ ನೇತು ಹಾಕಿ. "ಅರ್ಧ ಎಲೆಕೋಸು, ಕೊಳೆಯಿತು." "ಅನ್ನ ಒಂದು ಬಟ್ಟಲು, ಜಾಸ್ತಿ ಆಯಿತು." ಸಾಮಾನು, ಕಾರಣ, ಎರಡೇ. ತಿಂಗಳ ಕೊನೆಗೆ ಒಂದೇ ಹೆಸರು ಮೂರು ಸಲ ಬಂದಿದ್ದರೆ ಮುಂದಿನ ಸಲ ಅದನ್ನು ಅರ್ಧ ತನ್ನಿ. ಕಾರಣದ ಜಾಗದಲ್ಲಿ "ಜಾಸ್ತಿ ಆಯಿತು" ಅಂತಲೇ ಬರುತ್ತಿದ್ದರೆ ತೊಂದರೆ ಕೊಳ್ಳೋದರಲ್ಲಿ ಇಲ್ಲ, ಅಳತೆಯಲ್ಲಿದೆ. ಅಕ್ಕಿ ಡಬ್ಬಿಯೊಳಗೆ 300 ಗ್ರಾಂ ಹಿಡಿಯುವ ಒಂದು ಲೋಟ ಇಟ್ಟುಬಿಡಿ.

---

ತಿಂಗಳ ಕೊನೆ ಉತ್ತರ:

ಹಾಳೆ ಅಂಟಿಸಿದ್ದಾಯಿತು. ಮೊದಲ ಸಾಲು ಅತ್ತೆಯದ್ದೇ: "ಸಾಸ್, ಹಸಿರು ಬಾಟಲಿ, ಯಾವುದು ಅಂತ ಗೊತ್ತಾಗಲಿಲ್ಲ." ರಾಜ್ಮಾ ಸೋಡಾ ನೀರಿನಲ್ಲಿ ನೆನೆಯುತ್ತಿದೆ. ಡಬ್ಬಿಗಳಲ್ಲಿ ಒಂದು ಟೊಮೆಟೊ ಸೂಪ್, ಇನ್ನೊಂದು ಏನೋ ಬೂದು ಬಣ್ಣದ್ದು. ಸೂಪ್ ಇವತ್ತು ರಾತ್ರಿ ಪಾಸ್ತಾಗೆ. ಬೂದು ಬಣ್ಣದ್ದು ಹಾಳೆಯ ಎರಡನೇ ಸಾಲಿಗೆ.

ಈ ವಾರದ ಚೀಟಿ: ಹಾಲು, ಮೊಟ್ಟೆ, ಈರುಳ್ಳಿ, ಟೊಮೆಟೊ, ನಿಂಬೆ, ಒಂದು ಕಟ್ಟು ಸೊಪ್ಪು. ಓಟ್ಸ್ ಯಾರಿಗಾದರೂ ಬೇಕಾ? ತೆರೆದಿಲ್ಲ, ತಾರೀಖು ಇನ್ನೂ ಇದೆ.